ಸಂಬಳದ ಕಟ್ಟು, ಆಟಗಾರನ ಬಿಡುಗಡೆ

ಕಂಪ್ಯೂಟರಿನೊಳಗೇ ಇಡೀ ಬ್ಯಾಸ್ಕೆಟ್‌ಬಾಲ್ ಲೀಗ್ ಕಟ್ಟಿ ನಡೆಸುವ ಆಟಗಳಿವೆ. ಅಲ್ಲಿ ಚೆಂಡು ಮುಟ್ಟುವವರು ಯಾರೂ ಇಲ್ಲ. ಒಬ್ಬೊಬ್ಬರು ಒಂದೊಂದು ತಂಡದ ಹೊಣೆ ಹೊತ್ತು ಆಟಗಾರರನ್ನು ಸೇರಿಸಿಕೊಳ್ಳುತ್ತಾರೆ, ಬಿಡುತ್ತಾರೆ, ಅದಲು ಬದಲು ಮಾಡಿಕೊಳ್ಳುತ್ತಾರೆ. ಪಂದ್ಯವನ್ನು ಯಂತ್ರವೇ ಲೆಕ್ಕ ಹಾಕಿ ಆಡಿ ಮುಗಿಸುತ್ತದೆ. ‘ಬ್ಯಾಸ್ಕೆಟ್‌ಬಾಲ್ ಜಿಎಂ’ ಎಂಬ ಇಂಥದ್ದೊಂದು ಆಟದಲ್ಲಿ ತಂಡಗಳ ಸಂಬಳದ ಖರ್ಚಿಗೆ ಮಿತಿ ಹೇಗಿರಬೇಕು ಎಂದು ನಾವೇ ಆರಿಸಬಹುದು: ಸಡಿಲ ಮಿತಿ, ಬಿಗಿ ಮಿತಿ, ಇಲ್ಲವೇ ಮಿತಿಯೇ ಬೇಡ.

ಒಂದು ಗುಂಡಿ ಒತ್ತಿದರೆ ತೀರ್ಮಾನ ಮುಗಿಯಿತು. ಆದರೆ ಆ ಮೂರು ಆಯ್ಕೆಗಳ ಹಿಂದೆ ಅಮೆರಿಕದ ಎನ್‌ಬಿಎಯಲ್ಲಿ ಸುಮಾರು 80 ವರ್ಷ ನಡೆದ ಹಗ್ಗಜಗ್ಗಾಟವಿದೆ. ಆ ಕಥೆ ಗೊತ್ತಿಲ್ಲದೆ ನಿಯಮ ಬರೆಯುವವರು ಅದರ ಅರ್ಧವನ್ನಷ್ಟೇ ನಕಲು ಮಾಡುತ್ತಾರೆ. ಮಿತಿಯ ಅಂಕಿಯನ್ನು ತರುತ್ತಾರೆ, ಆ ಮಿತಿಗೆ ಪ್ರತಿಯಾಗಿ ಆಟಗಾರರಿಗೆ ಸಿಕ್ಕಿದ್ದನ್ನು ಬಿಟ್ಟುಬಿಡುತ್ತಾರೆ.

ಎನ್‌ಬಿಎಯ ಪೂರ್ವರೂಪವಾದ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ 1946ರಲ್ಲಿ ಶುರುವಾದಾಗ ಪ್ರತಿ ತಂಡಕ್ಕೂ 55,000 ಡಾಲರ್ ಮಿತಿ ಹಾಕಿದ್ದರು. ಒಂದು ಋತು ಮುಗಿಯುತ್ತಲೇ ಅದನ್ನು ಕೈಬಿಟ್ಟರು. ಆಮೇಲೆ ಮೂರೂವರೆ ದಶಕ ಯಾವ ಮಿತಿಯೂ ಇರಲಿಲ್ಲ. ಮಾಲೀಕರಿಗೆ ಅದರ ಅಗತ್ಯವೂ ಇರಲಿಲ್ಲ, ಏಕೆಂದರೆ ಅವರ ಕೈಯಲ್ಲಿ ‘ರಿಸರ್ವ್ ಕ್ಲಾಸ್’ ಇತ್ತು. ಕರಾರಿನ ಅವಧಿ ಮುಗಿದರೂ ಆಟಗಾರ ಹಳೆಯ ತಂಡಕ್ಕೇ ಸೇರಿದವನು ಎನ್ನುವ ಷರತ್ತು ಅದು. ಕೊಟ್ಟಷ್ಟಕ್ಕೆ ಆಡಬೇಕು, ಇಲ್ಲವೇ ಮನೆಗೆ ಹೋಗಬೇಕು. ಬೇರೆಡೆಗೆ ಹೋಗುವ ದಾರಿಯೇ ಮುಚ್ಚಿದ ಮೇಲೆ ಸಂಬಳ ಏರುವುದಾದರೂ ಹೇಗೆ?

ಬಾಸ್ಟನ್‌ನ ಬಾಬ್ ಕೂಸಿ 1954ರಲ್ಲಿ ಆಟಗಾರರ ಸಂಘ ಕಟ್ಟಿದರು. ಮಾಲೀಕರು ಬಹುಕಾಲ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1964ರ ಜನವರಿ 14ರಂದು ಬಾಸ್ಟನ್ ಗಾರ್ಡನ್‌ನಲ್ಲಿ ಆಲ್‌ಸ್ಟಾರ್ ಪಂದ್ಯ. ಹೊರಗೆ ಹಿಮಗಾಳಿ. ಒಳಗೆ ದೇಶಕ್ಕೆಲ್ಲ ತೋರಿಸಲು ಟಿವಿ ಕ್ಯಾಮೆರಾಗಳು ಸಿದ್ಧವಾಗಿದ್ದವು. ಪಿಂಚಣಿಯ ಭರವಸೆ ಸಿಗದೆ ಅಂಕಣಕ್ಕೆ ಇಳಿಯುವುದಿಲ್ಲ ಎಂದು ಆಟಗಾರರು ಬಾಗಿಲು ಹಾಕಿಕೊಂಡು ಕೂತರು. ಬಿಲ್ ರಸೆಲ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಆಸ್ಕರ್ ರಾಬರ್ಟ್‌ಸನ್, ವಿಲ್ಟ್ ಚೇಂಬರ್ಲೇನ್ ಎಲ್ಲರೂ ಆ ಕೋಣೆಯಲ್ಲಿದ್ದರು. ಕೊನೆಗೆ ಲೀಗಿನ ಮುಖ್ಯಸ್ಥ ವಾಲ್ಟರ್ ಕೆನಡಿ ಮಾತು ಕೊಟ್ಟ ಮೇಲೆಯೇ ಪಂದ್ಯ ತಡವಾಗಿ ಶುರುವಾಯಿತು. ಅಂದಿನ ಶ್ರೇಷ್ಠ ಆಟಗಾರ ರಾಬರ್ಟ್‌ಸನ್. ಮರುವರ್ಷ ಸಂಘದ ಅಧ್ಯಕ್ಷರಾದವರೂ ಅವರೇ.

ರಾಬರ್ಟ್‌ಸನ್ ಅವರ ಹೆಸರನ್ನು ಪ್ರತಿ ಫ್ರೀ ಏಜೆಂಟ್ (ಕರಾರು ಮುಗಿದು ಬೇಕಾದ ತಂಡ ಸೇರಲು ಸ್ವತಂತ್ರನಾದ ಆಟಗಾರ) ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ. 1967ರಲ್ಲಿ ಎಬಿಎ ಎಂಬ ಎದುರಾಳಿ ಲೀಗ್ ಹುಟ್ಟಿಕೊಂಡಿತು. ಆಟಗಾರರಿಗೆ ಹೋಗಲು ಎರಡನೆಯ ಮನೆ ಸಿಕ್ಕಿತು. ಸಂಬಳ ಏರತೊಡಗಿತು. ರಿಕ್ ಬ್ಯಾರಿ ಎಬಿಎಗೆ ಹೋಗಲು ಹೊರಟಾಗ ನ್ಯಾಯಾಲಯ ತಡೆಯಿತು, ಒಂದು ವರ್ಷ ಆಡದೆ ಕೂತ ನಂತರವೇ ಅವರು ಹೋಗಲು ಸಾಧ್ಯವಾಯಿತು. ಈ ಪೈಪೋಟಿಯಿಂದ ಸುಸ್ತಾದ ಮಾಲೀಕರು ಎರಡೂ ಲೀಗ್‌ಗಳನ್ನು ಒಂದು ಮಾಡಲು ಹೊರಟರು. ಒಂದಾದರೆ ಆಟಗಾರ ಮತ್ತೆ ಹಳೆಯ ಗೂಟಕ್ಕೇ. 1970ರಲ್ಲಿ ರಾಬರ್ಟ್‌ಸನ್ ಮುಂದಾಳಾಗಿ ಆಟಗಾರರು ವಿಲೀನ ತಡೆಯಲು ಮೊಕದ್ದಮೆ ಹೂಡಿದರು. ಆರು ವರ್ಷ ಹಿಡಿಯಿತು. 1976ರಲ್ಲಿ ರಾಜಿಯಾಯಿತು. ಎಬಿಎಯ ನಾಲ್ಕು ತಂಡಗಳು ಎನ್‌ಬಿಎ ಸೇರಿದವು, ಆಟಗಾರನನ್ನು ಜೀವನಪೂರ್ತಿ ಕಟ್ಟಿಹಾಕುವ ಪದ್ಧತಿ ಹಂತ ಹಂತವಾಗಿ ಸಡಿಲವಾಯಿತು. ಮೊದಲು, ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಆಮೇಲೆ ಅದೂ ಹೋಗಿ, ಬೇರೆಯವರು ಕೊಡುವಷ್ಟನ್ನೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಮಾತ್ರ ಹಳೆಯ ತಂಡಕ್ಕೆ ಉಳಿಯಿತು. ಐಪಿಎಲ್ ಹರಾಜಿನ ‘ರೈಟ್ ಟು ಮ್ಯಾಚ್’ ಕಾರ್ಡ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಬಿಡುಗಡೆಯನ್ನು ಬಳಸಿಕೊಳ್ಳುವ ಅವಕಾಶ ಮಾತ್ರ ರಾಬರ್ಟ್‌ಸನ್‌ಗೆ ಸಿಗಲಿಲ್ಲ. ಅವರು 1974ರಲ್ಲೇ ನಿವೃತ್ತರಾಗಿದ್ದರು.

ಬಾಗಿಲು ತೆರೆಯಿತು, ಸಂಬಳ ಹಾರಿತು. 1982ರಲ್ಲಿ ಮೋಸೆಸ್ ಮಲೋನ್‌ಗೆ ಫಿಲಡೆಲ್ಫಿಯಾ ಆರು ವರ್ಷಕ್ಕೆ 1.32 ಕೋಟಿ ಡಾಲರ್ ಕೊಡಲು ಮುಂದಾಯಿತು. ಹ್ಯೂಸ್ಟನ್ ಅಷ್ಟೇ ಹಣಕ್ಕೆ ಸಹಿ ಹಾಕಿ, ಬಳಿಕ ಅವರನ್ನು ಫಿಲಡೆಲ್ಫಿಯಾಕ್ಕೇ ದಾಟಿಸಿತು. ಮರುವರ್ಷ ಪ್ರಶಸ್ತಿ ಫಿಲಡೆಲ್ಫಿಯಾಕ್ಕೆ. ಆ ಹೊತ್ತಿಗೆ ಲೀಗಿನ 23 ತಂಡಗಳಲ್ಲಿ ಹೆಚ್ಚಿನವು ನಷ್ಟದಲ್ಲಿದ್ದವು, ಕೆಲವು ಮುಚ್ಚುವ ಸ್ಥಿತಿಗೆ ಬಂದಿದ್ದವು. ತಂಡ ಮುಚ್ಚಿದರೆ ಆಟಗಾರರ ಕೆಲಸವೂ ಹೋಗುತ್ತದೆ. ಆಟಗಾರರು ಮುಷ್ಕರದ ದಿನವನ್ನೂ ಗೊತ್ತು ಮಾಡಿದ್ದರು. ಅದಕ್ಕೆ ಸ್ವಲ್ಪ ಮೊದಲು, 1983ರ ಮಾರ್ಚ್ 31ರಂದು ಸಂಘದ ವಕೀಲ ಲ್ಯಾರಿ ಫ್ಲೈಶರ್ ಮತ್ತು ಲೀಗಿನ ಪರವಾಗಿ ಮಾತುಕತೆಯಲ್ಲಿದ್ದ ಡೇವಿಡ್ ಸ್ಟರ್ನ್ ಒಂದು ಒಪ್ಪಂದಕ್ಕೆ ಬಂದರು. ಇಂದಿನ ಸಂಬಳ ಮಿತಿಯ ಬೇರು ಅಲ್ಲಿದೆ.

ಆ ಒಪ್ಪಂದದ ಜೀವ ಇರುವುದು ಮಿತಿಯಲ್ಲಲ್ಲ, ಅದರ ಪಕ್ಕದ ಸಾಲಿನಲ್ಲಿ. ಲೀಗಿನ ಆದಾಯದಲ್ಲಿ ಶೇ 53ರಷ್ಟು ಪಾಲು ಆಟಗಾರರಿಗೆ ಸೇರತಕ್ಕದ್ದು ಎಂದು ಅಲ್ಲಿ ಬರೆದಿತ್ತು. ಲೀಗ್ ಬೆಳೆದರೆ ಮಿತಿಯೂ ಬೆಳೆಯುತ್ತದೆ. 1984-85ರ ಋತುವಿನಲ್ಲಿ ತಂಡಕ್ಕೆ 36 ಲಕ್ಷ ಡಾಲರ್ ಇದ್ದ ಮಿತಿ 2025-26ಕ್ಕೆ 15.46 ಕೋಟಿ ಡಾಲರ್ ಮುಟ್ಟಿದೆ. ಮಾಲೀಕರಿಗೆ ಖರ್ಚಿನ ಮೇಲೆ ಹಿಡಿತ ಬಂತು, ಆಟಗಾರರು ಗಳಿಕೆಯಲ್ಲಿ ಪಾಲುದಾರರಾದರು. ಕಂಪ್ಯೂಟರ್ ಲೀಗ್ ಕಟ್ಟುವವರು ಮರೆಯುವುದು ಈ ಎರಡನೆಯ ಸಾಲನ್ನೇ. ಮಿತಿಯನ್ನು ಒಂದು ಅಂಕಿಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಐದಾರು ಋತು ಕಳೆಯುವಷ್ಟರಲ್ಲಿ ಆಟಗಾರರ ಬೇಡಿಕೆ ಒಂದು ಕಡೆ, ಮಿತಿ ಇನ್ನೊಂದು ಕಡೆ.

ಐಪಿಎಲ್ ತಂಡಕ್ಕೆ 2025ರ ಋತುವಿನ ಹರಾಜಿನಲ್ಲಿ ಇದ್ದ 120 ಕೋಟಿ ರೂಪಾಯಿಯ ಪರ್ಸ್ ಬಿಗಿ ಮಿತಿ. ಅದನ್ನು ದಾಟಿ ಕೂಗುವಂತಿಲ್ಲ. ಎನ್‌ಬಿಎಯದು ಸಡಿಲ ಮಿತಿ. ಹೊರಗಿನವನನ್ನು ತರಲು ಸಾಮಾನ್ಯವಾಗಿ ಮಿತಿಯೊಳಗೆ ಜಾಗ ಬೇಕು, ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ಮಿತಿ ದಾಟಬಹುದು. ಈ ವಿನಾಯಿತಿಗೆ ಬಾಸ್ಟನ್ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಹೆಸರು ಅಂಟಿಕೊಂಡಿತು. ಊರಿನ ಜನ ಕಣ್ಣೆದುರು ಬೆಳೆಯುವುದನ್ನು ನೋಡಿದ ಆಟಗಾರ ಬರಿಯ ಲೆಕ್ಕದ ಕಾರಣಕ್ಕೆ ಊರು ಬಿಡಬಾರದು ಎಂಬ ಆಶಯ ಅದರಲ್ಲಿತ್ತು. ಅದು ಒಳ್ಳೆಯ ಆಶಯ ಎಂದೇ ನಾನು ನಂಬುತ್ತೇನೆ.

ಪೂರ್ತಿ ಬಿಡುಗಡೆಗೆ ಇನ್ನೂ ಒಂದು ಮೊಕದ್ದಮೆ ಬೇಕಾಯಿತು. ಸಂಘದ ಅಧ್ಯಕ್ಷ ಜೂನಿಯರ್ ಬ್ರಿಜ್‌ಮನ್ ಹೆಸರಿನಲ್ಲಿ ಹೂಡಿದ್ದ ಅದು 1988ರಲ್ಲಿ ರಾಜಿಯಾಯಿತು. ಏಳು ವರ್ಷ ಆಡಿ ಎರಡನೆಯ ಕರಾರು ಮುಗಿಸಿದವನನ್ನು ಹಳೆಯ ತಂಡ ತಡೆಯುವಂತಿಲ್ಲ ಎಂದಾಯಿತು. ಆ ಜುಲೈನಲ್ಲಿ ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದ ಟಾಮ್ ಚೇಂಬರ್ಸ್, ಯಾರ ಅಪ್ಪಣೆಯೂ ಬೇಡದೆ ತಂಡ ಬದಲಿಸಿದ ಮೊದಲಿಗರು.

ಅಲ್ಲಿಂದಾಚೆಗಿನದು ಸಂದು ಹುಡುಕುವವರ ಮತ್ತು ಸಂದು ಮುಚ್ಚುವವರ ಕಥೆ. ಕ್ರಿಸ್ ಡಡ್ಲಿ 1993ರಲ್ಲಿ ಪೋರ್ಟ್‌ಲೆಂಡ್‌ನ ಮಿತಿಯೊಳಗೆ ಉಳಿದಿದ್ದ ಜಾಗಕ್ಕೆ ಹೊಂದುವಂತೆ ಮೊದಲ ವರ್ಷ ಕೇವಲ 7.9 ಲಕ್ಷ ಡಾಲರಿಗೆ ಸಹಿ ಮಾಡಿದರು. ಒಂದು ವರ್ಷವಾದ ಮೇಲೆ ಕರಾರಿನಿಂದ ಹೊರಬರುವ ಷರತ್ತು ಅದರಲ್ಲಿತ್ತು. ಹೊರಬಂದರೆ ಅವರು ತಂಡದ ‘ಸ್ವಂತ’ ಆಟಗಾರ, ಆಗ ಮಿತಿ ದಾಟಿ ಕೊಡಬಹುದು. ಲೀಗ್ ಆಕ್ಷೇಪಿಸಿ ಸೋತಿತು. 1997-98ರಲ್ಲಿ ಮೈಕೆಲ್ ಜೋರ್ಡನ್ ಒಬ್ಬರ ಸಂಬಳ 3.31 ಕೋಟಿ ಡಾಲರ್, ಇಡೀ ತಂಡದ ಮಿತಿ 2.69 ಕೋಟಿ! ಮಿನೆಸೋಟಾ 21 ವರ್ಷದ ಕೆವಿನ್ ಗಾರ್ನೆಟ್‌ಗೆ ಆರು ವರ್ಷಕ್ಕೆ 12.6 ಕೋಟಿ ಡಾಲರ್ ಬರೆದುಕೊಟ್ಟಿತು. ಆ ತಂಡವನ್ನು ಮಾಲೀಕರು ಕೊಂಡ ಬೆಲೆಗಿಂತಲೂ ಅದು ಹೆಚ್ಚು. ಇದರಿಂದ ಬೆದರಿದ ಮಾಲೀಕರು 1998ರ ಜುಲೈನಲ್ಲಿ ಆಟಗಾರರನ್ನು ಹೊರಗಿಟ್ಟು ಲಾಕೌಟ್ ಸಾರಿದರು, ಆ ಋತು 50 ಪಂದ್ಯಗಳಿಗೆ ಇಳಿಯಿತು. ಒಬ್ಬ ಆಟಗಾರನಿಗೆ ಇಷ್ಟೇ ಎಂಬ ಗರಿಷ್ಠ ಸಂಬಳದ ನಿಯಮ ಬಂದದ್ದು ಆಗ.

ಇದೇ ಮಿನೆಸೋಟಾ ತಂಡ ಜೋ ಸ್ಮಿತ್ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡಿತ್ತು: ಸದ್ಯಕ್ಕೆ ಕಡಿಮೆಗೆ ಆಡು, ಮುಂದೆ ಬರ್ಡ್ ವಿನಾಯಿತಿ ಸಿಕ್ಕ ಮೇಲೆ ತುಂಬಿಕೊಡುತ್ತೇವೆ. 2000ದಲ್ಲಿ ಅದು ಬಯಲಾಯಿತು. 35 ಲಕ್ಷ ಡಾಲರ್ ದಂಡ, ಐದು ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು (ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಜಪ್ತಿ. ಆ ಹಕ್ಕುಗಳಲ್ಲಿ ಕೆಲವನ್ನು ಆಮೇಲೆ ಮರಳಿಸಿದರು.

2016ರ ಪಾಠ ಬೇರೆ ಬಗೆಯದು. ಹೊಸ ಟಿವಿ ಹಣ ಒಮ್ಮೆಗೇ ಸುರಿದು ಮಿತಿ 7 ಕೋಟಿಯಿಂದ 9.41 ಕೋಟಿ ಡಾಲರಿಗೆ ನೆಗೆಯಿತು. ಅದನ್ನು ಮೆಲ್ಲಗೆ ಏರಿಸೋಣ ಎಂದು ಲೀಗ್ ಕೇಳಿದಾಗ ಸಂಘ ಒಪ್ಪಿರಲಿಲ್ಲ. ಹಿಂದಿನ ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡಕ್ಕೂ ಆ ಬೇಸಿಗೆ ಮಿತಿಯೊಳಗೆ ಜಾಗ ಸಿಕ್ಕಿತು, ತಾರಾ ಆಟಗಾರ ಕೆವಿನ್ ಡ್ಯುರಾಂಟ್ ಅಲ್ಲಿಗೇ ಹೋದರು. ಈಗಿನ ಒಪ್ಪಂದದಲ್ಲಿ ಮಿತಿ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವಂತಿಲ್ಲ. ಕಂಪ್ಯೂಟರ್ ಲೀಗಿನಲ್ಲಿ ಎಲ್ಲರ ಕರಾರನ್ನೂ ಒಂದೇ ವರ್ಷಕ್ಕೆ ಮುಗಿಯುವಂತೆ ಇಟ್ಟರೆ ಇದೇ ಅನಾಹುತ. ಆ ಬೇಸಿಗೆ ಯಾರ ಕೈಯಲ್ಲಿ ಜಾಗವಿತ್ತೋ ಮುಂದಿನ ಐದು ವರ್ಷ ಅವರದೇ ದರ್ಬಾರು.

ತೆರಿಗೆಯ ವಿಷಯದಲ್ಲಿ ಮಾತ್ರ ಕಂಪ್ಯೂಟರ್ ಲೀಗಿನ ಕಷ್ಟ ಮೊದಲಿಂದಲೂ ಬೇರೆ. ಮಿತಿಯನ್ನು ತುಂಬಾ ಮೀರಿದ ತಂಡಕ್ಕೆ ಎನ್‌ಬಿಎ ಐಷಾರಾಮಿ ತೆರಿಗೆ ಹಾಕುತ್ತದೆ. ಅದು ಮಾಲೀಕರ ಜೇಬಿಗೆ ತಟ್ಟುತ್ತದೆ. ತೆರೆಯ ಮೇಲಿನ ಮಾಲೀಕನಿಗೆ ಜೇಬೇ ಇಲ್ಲ. ಅವನಿಗೆ ಬೇಕಾದದ್ದು ಗೆಲುವೊಂದೇ, ಆದ್ದರಿಂದ ದಂಡವನ್ನೂ ಗೆಲುವಿನ ನಾಣ್ಯದಲ್ಲೇ ವಸೂಲು ಮಾಡಬೇಕು. ನಿಜದ ಎನ್‌ಬಿಎಯೂ ಕೊನೆಗೆ ಇಲ್ಲಿಗೇ ಬಂದು ನಿಂತಿತು. ಸಿರಿವಂತ ಮಾಲೀಕರು ಕೋಟಿಗಟ್ಟಲೆ ತೆರಿಗೆ ಕಟ್ಟಿ ಹೆದರದೆ ಮುಂದುವರಿದಾಗ, 2023ರ ಒಪ್ಪಂದ ತೆರಿಗೆಯ ಗೆರೆಗೂ ಮೇಲೆ ‘ಸೆಕೆಂಡ್ ಏಪ್ರನ್’ ಎಂಬ ಇನ್ನೊಂದು ಗೆರೆ ಎಳೆಯಿತು. ಅದನ್ನು ದಾಟಿದರೆ ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಅದಲು ಬದಲಿನಲ್ಲಿ ಪಡೆಯುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನು ಯಾರಿಗೂ ಕೊಡುವಂತಿಲ್ಲ. ಇದು ಆಟದ ಬಲವನ್ನೇ ಕತ್ತರಿಸುವ ಶಿಕ್ಷೆ. ನಿಮ್ಮ ಲೀಗಿಗೆ ಎನ್‌ಬಿಎಯಿಂದ ಒಂದೇ ನಿಯಮ ಎರವಲು ತರಬಹುದು ಎಂದಾದರೆ ನಾನು ಸೂಚಿಸುವುದು ಇದನ್ನು.

ಎನ್‌ಬಿಎಯ ಇಂದಿನ ಸಂಬಳದ ನಿಯಮಗಳೆಲ್ಲ ಇಬ್ಬರು ಎದುರುಬದುರು ಕೂತ ಮೇಜಿನಿಂದ ಎದ್ದು ಬಂದವು. ಕಂಪ್ಯೂಟರ್ ಲೀಗಿನ ಮೇಜಿಗೆ ಆಟಗಾರ ಬಂದು ಕೂರುವುದಿಲ್ಲ. ಅಲ್ಲಿ ಇರುವವರೆಲ್ಲ ಮಾಲೀಕರೇ, ಅವರು ಬರೆಯುವ ನಿಯಮಗಳು 1964ಕ್ಕಿಂತ ಹಿಂದಿನ ಎನ್‌ಬಿಎಯ ಕಡೆಗೇ ಜಾರುತ್ತವೆ: ನನ್ನ ಆಟಗಾರ, ನನ್ನ ಬಳಿಯೇ ಇರಲಿ. ಆಟಗಾರ ಬಿಟ್ಟು ಹೋಗಬಲ್ಲ ಎಂಬ ಭಯವಿಲ್ಲದ ಲೀಗಿನಲ್ಲಿ ಮ್ಯಾನೇಜರನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಹೊಸ ಲೀಗ್ ಕಟ್ಟಲು ಕೂತಿರುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮಿತಿಯ ಅಂಕಿ ಬರೆಯುವ ಮೊದಲು, ಆಟಗಾರ ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಬಿಡುಗಡೆಯಾಗುತ್ತಾನೆ ಎಂಬುದನ್ನು ಬರೆದಿಡಿ. ಎನ್‌ಬಿಎ ಇಂದು ಪಾಲಿಸುವ ನಿಯಮಗಳು ಬಂದದ್ದೂ ಅದೇ ಕ್ರಮದಲ್ಲಿ: ಬಿಡುಗಡೆ 1976ರಲ್ಲಿ, ಮಿತಿ 1983ರಲ್ಲಿ.