ಚೋರಟೆ ಕಟ್ಟಿದ ಕಾಡು

ಕೀನ್ಯಾದ ಮೊಂಬಾಸಾ ನಗರದ ಉತ್ತರಕ್ಕೆ, ಹಿಂದೂ ಮಹಾಸಾಗರದ ದಂಡೆಗೆ ಹತ್ತಿರದಲ್ಲಿ ಒಂದು ಕಾಡಿದೆ. ಅಲ್ಲಿ ಜಿರಾಫೆಗಳಿವೆ, ಕೊಳದಲ್ಲಿ ನೀರಾನೆಗಳಿವೆ, ತಲೆಯ ಮೇಲೆ ದಟ್ಟ ನೆರಳಿದೆ. ಈ ಕಾಡಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಯಾರು ಗೊತ್ತೇ? ಚೋರಟೆ! ಹೌದು, ಮಳೆಗಾಲದಲ್ಲಿ ನಮ್ಮ ಜಗಲಿ ಹತ್ತಿ ಬರುವ, ಮುಟ್ಟಿದೊಡನೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುವ ಆ ಸಾವಿರ ಕಾಲಿನ ಹುಳುವಿನ ಆಫ್ರಿಕನ್ ನೆಂಟ!

ಮೊದಲು ಈ ಜಾಗ ಹೇಗಿತ್ತು ನೋಡಿ. ಬಂಬೂರಿ ಎಂಬ ಈ ಊರಿನಲ್ಲಿ 1954ರಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಬೇಕಾದ ಸುಣ್ಣಕಲ್ಲು ನೆಲದಡಿಯೇ ಇತ್ತು. ಅದು ಪುರಾತನ ಕಾಲದ ಹವಳದ ದಿಬ್ಬ. ಕಲ್ಲು ಬಗೆಯುತ್ತ ಬಗೆಯುತ್ತ ಕೋರೆಯ ತಳ ಸಮುದ್ರಮಟ್ಟದ ಸಮೀಪಕ್ಕೇ ಇಳಿಯಿತು. ಮೇಲ್ಮಣ್ಣು ಮಾಯ. ಉಳಿದದ್ದು ಬಿಸಿಲಿಗೆ ಕಾದು ಕಣ್ಣು ಕುಕ್ಕುವ ಬಿಳಿ ಬಂಡೆ, ಅದರ ಕೆಳಗೇ ಉಪ್ಪು ನೀರು. ಬೇರು ಇಳಿಯಲು ಮಣ್ಣಿಲ್ಲ, ಇಳಿದರೂ ಕುಡಿಯಲು ಸಿಹಿನೀರಿಲ್ಲ.

ಇಂಥ ಕಡೆ ಹಸಿರು ತರುವ ಕೆಲಸಕ್ಕೆ ಇಳಿದವರು ಸ್ವಿಟ್ಜರ್ಲೆಂಡಿನ ಕೃಷಿತಜ್ಞ ರೆನೆ ಹಾಲರ್. 1970ರ ದಶಕದ ಆರಂಭದಲ್ಲಿ ಅವರು 26 ಜಾತಿಯ ಮರಗಳನ್ನು ನೆಟ್ಟು ನೋಡಿದರು. ಬದುಕಿದ್ದು ಮೂರೇ! ಆ ಮೂರರಲ್ಲಿ ಗೆದ್ದು ನಿಂತದ್ದು ನಮ್ಮ ಕಾರವಾರದ ಕಡಲತಡಿಯಲ್ಲಿ ಸುಯ್ಯೆನ್ನುವ, ಬಯಲುಸೀಮೆಯವರು ಸರ್ವೆ ಎನ್ನುವ ಗಾಳಿಮರ.

ಯಾಕೆ ಗೆದ್ದಿತು? ಗಾಳಿಮರದ ಒಂದು ಹಸಿರು ಕಡ್ಡಿ ಕಿತ್ತು ಕಣ್ಣಿನ ಹತ್ತಿರ ಹಿಡಿಯಿರಿ. ಅದು ಎಲೆಯೇ ಅಲ್ಲ, ಸಣ್ಣ ರೆಂಬೆ! ಮೆಲ್ಲಗೆ ಎಳೆದರೆ ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಆ ಗೆಣ್ಣಿನ ಸುತ್ತ ಕಾಣುವ ಪುಟಾಣಿ ಹಲ್ಲುಗಳೇ ನಿಜವಾದ ಎಲೆಗಳು. ಎಲೆ ಅಷ್ಟು ಚಿಕ್ಕದಾದ್ದರಿಂದ ನೀರಿನ ಖರ್ಚು ಕಡಿಮೆ. ಉಪ್ಪನ್ನೂ ತಾಳಿಕೊಳ್ಳುತ್ತದೆ. ಇನ್ನು ಬೇರಿಗೆ ಬನ್ನಿ, ಅಲ್ಲಿ ಗಂಟುಗಳಿವೆ. ಆ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿದು ಮರಕ್ಕೆ ಉಣಿಸುತ್ತದೆ. ಗೊಬ್ಬರವಿಲ್ಲದ ಬಂಡೆಯ ಮೇಲೆ ಮರವೊಂದು ಗಾಳಿಯಿಂದ ಊಟ ಗಿಟ್ಟಿಸಿಕೊಳ್ಳುವುದೆಂದರೆ ಏನು ಸೋಜಿಗ!

ಮರವೇನೋ ಬೆಳೆಯಿತು, ಆದರೆ ಅಲ್ಲಿಗೇ ಎಲ್ಲವೂ ನಿಂತುಬಿಟ್ಟಿತು. ಉದುರಿದ ಕಡ್ಡಿಗಳು ಕೊಳೆಯಲೊಲ್ಲವು. ಟ್ಯಾನಿನ್ ತುಂಬಿದ ಒಣ ದರಗು ಬಿದ್ದಲ್ಲೇ ಪದರಪದರವಾಗಿ ಕೂತಿತು. ದರಗು ಕೊಳೆಯದೆ ಮಣ್ಣಾಗದು, ಮಣ್ಣಾಗದೆ ಬೇರೆ ಗಿಡ ಹುಟ್ಟದು.

ಆಗ ಕಣ್ಣಿಗೆ ಬಿತ್ತು, ಆ ಕಡ್ಡಿಗಳನ್ನು ಮೇಯುತ್ತಿದ್ದ ಒಂದು ಕೆಂಪುಕಾಲಿನ ದೊಡ್ಡ ಚೋರಟೆ! ಉದ್ದಕ್ಕೆ ಸಾಗುವ ಈ ಹುಳುವಿಗೆ ಅಲ್ಲಿ 'ಮೊಂಬಾಸಾ ರೈಲು' ಎಂಬ ಅಡ್ಡಹೆಸರಿದೆ. ಹಾಲರ್ ತಡಮಾಡದೆ ನೂರಾರು ಚೋರಟೆಗಳನ್ನು ತರಿಸಿ ಕೋರೆಗೆ ಬಿಟ್ಟರು. ಚೋರಟೆ ಕಡ್ಡಿಯನ್ನು ಕಡಿದು ನುಣ್ಣಗೆ ಮಾಡುತ್ತದೆ. ತಿಂದದ್ದರಲ್ಲಿ ತನಗೆ ದಕ್ಕಿಸಿಕೊಳ್ಳುವುದು ಸ್ವಲ್ಪ, ಉಳಿದದ್ದೆಲ್ಲ ಸಣ್ಣ ಸಣ್ಣ ಹಿಕ್ಕೆಯಾಗಿ ಹೊರಬರುತ್ತದೆ. ಇಡೀ ಕಡ್ಡಿಯನ್ನು ಮುಟ್ಟಲಾರದ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಆ ಹಿಕ್ಕೆಯೇ ಹಬ್ಬದೂಟ. ಬೋಳು ಬಂಡೆಯ ಮೇಲೆ ಕಪ್ಪು ಮಣ್ಣು ಕಟ್ಟತೊಡಗಿತು! ಲಕ್ಷಾಂತರ ವರ್ಷಗಳ ಹಿಂದೆ ಈ ಕಲ್ಲನ್ನು ಕಟ್ಟಿದ್ದು ಹವಳದ ಪುಟ್ಟ ಜೀವಿಗಳು. ಕಲ್ಲು ಹೋದ ಮೇಲೆ ಮಣ್ಣನ್ನು ಕಟ್ಟಿಕೊಟ್ಟದ್ದೂ ಅಂಥದೇ ಒಂದು ಸಣ್ಣ ಜೀವ!

ಮಣ್ಣು ಬಂತು, ಕಾಡು ಬಂತು. ಗಾಳಿಮರ ಆ ತೀರದ ಮೂಲನಿವಾಸಿಯಲ್ಲ, ಅದರ ತವರು ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾ. ಬಿಸಿಲು ಬೇಡುವ ಅದರ ಸಸಿಗಳು ತಾಯಿಯ ನೆರಳಿನಲ್ಲಿ ಏಳುವುದಿಲ್ಲ. ಆ ನೆರಳು, ಆ ಹೊಸ ಮಣ್ಣು ಪೂರ್ವ ಆಫ್ರಿಕಾದ ಕರಾವಳಿಯ ಸ್ವಂತ ಮರಗಳಿಗೆ ತೊಟ್ಟಿಲಾಯಿತು. ಅವನ್ನು ನೆಟ್ಟು, ಗಾಳಿಮರಗಳನ್ನು ಹಂತಹಂತವಾಗಿ ತೆಳುವು ಮಾಡುತ್ತ ಬಂದರು. 1984ರಲ್ಲಿ ಜಾಗ ಜನರಿಗೆ ತೆರೆಯಿತು. 1987ರಲ್ಲಿ ಹಾಲರ್ ಅವರಿಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗ್ಲೋಬಲ್ 500 ಗೌರವ ಸಂದಿತು. ಇಂದು ಅದರ ಹೆಸರು ಹಾಲರ್ ಪಾರ್ಕ್. 2004ರ ಸುನಾಮಿಯ ಹೊತ್ತಿಗೆ ತಬ್ಬಲಿಯಾದ ನೀರಾನೆ ಮರಿ ಓವೆನ್, ಮ್ಜೀ ಎಂಬ ಮುದಿ ದೈತ್ಯ ಆಮೆಯ ಬೆನ್ನು ಬಿಡದೆ ಜಗತ್ತನ್ನೇ ಮರುಳು ಮಾಡಿದ್ದು ಈ ಹಳೇ ಕೋರೆಯಲ್ಲೇ!

ನಮ್ಮಲ್ಲೂ ಮುರಕಲ್ಲು ತೆಗೆದು ಬಿಟ್ಟ ಹೊಂಡಗಳಿವೆ, ಜಲ್ಲಿಗಾಗಿ ಸೀಳಿದ ಗುಡ್ಡಗಳಿವೆ. ಅಲ್ಲೆಲ್ಲ ಗಾಳಿಮರ ನೆಟ್ಟರೆ ಮುಗಿಯಿತು ಎಂದು ತಿಳಿಯಬಾರದು, ಪ್ರತಿ ನೆಲಕ್ಕೂ ಅದರದೇ ಮೊದಲಿಗ ಬೇಕು. ಬಂಬೂರಿ ಕಲಿಸುವುದು ಕೆಲಸದ ಕ್ರಮವನ್ನು. ಮೊದಲು ನೆರಳು, ಆಮೇಲೆ ಮಣ್ಣು, ಕೊನೆಗೆ ಆ ನೆಲದ ಸ್ವಂತ ಮರಗಳು. ಕೋರೆ ಮುಚ್ಚುವವರನ್ನು ಎಷ್ಟು ಸಸಿ ನೆಟ್ಟಿರಿ ಎಂದು ಕೇಳುವ ನಾವು ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಆ ಮರಗಳ ದರಗನ್ನು ತಿನ್ನಲು ಯಾರನ್ನು ಕರೆತಂದಿದ್ದೀರಿ?