ಹೈಬ್ರಿಡ್ ಕಾರಿಗೆ ಹೊಸ ಟೈರು ಹಾಕಿಸಿದ ಮೇಲೆ ಮೈಲೇಜ್ ಇಳಿಯಿತಾ? ಕಾರಣ ಇಲ್ಲಿದೆ

ನಂಜನಗೂಡು/ಟಿ.ನರಸೀಪುರ: "22 ಕೊಡ್ತಿದ್ದ ಗಾಡಿ ಈಗ 20ಕ್ಕೆ ಬಂದಿದೆ. ಸರ್ವೀಸ್ ಮಾಡಿಸಿದ್ದಾಯ್ತು, ಬ್ಯಾಟರಿ ಚೆಕ್ ಮಾಡಿಸಿದ್ದಾಯ್ತು. ಎಲ್ಲಾ ಸರಿಯಿದೆ ಅಂತಾರೆ."

ಹೈಬ್ರಿಡ್ ಕಾರು ಇಟ್ಟುಕೊಂಡವರ ಬಾಯಲ್ಲಿ ಇಂಥ ಮಾತು ಬರೋದು ಸಾಮಾನ್ಯವಾಗಿ ಗಾಡಿ 40-50 ಸಾವಿರ ಕಿ.ಮೀ. ಓಡಿದ ಮೇಲೆ. ಆ ಹೊತ್ತಿಗೆ ಎಂಜಿನ್ ಅದೇ, ಬ್ಯಾಟರಿ ಅದೇ, ಓಡಿಸುವವರೂ ಅವರೇ. ಬದಲಾಗಿರೋದು ನಾಲ್ಕು ಟೈರು ಮಾತ್ರ.

ಕಂಪನಿಯಿಂದ ಬಂದ ಟೈರು ಸವೆದಿರುತ್ತೆ. ಅಂಗಡಿಗೆ ಹೋದರೆ, "ಸೈಜ್ ಇದೇ, ಕಂಪನಿ ಬೇರೆ, ಒಂದಕ್ಕೆ ಸಾವಿರ ಕಮ್ಮಿ ಆಗುತ್ತೆ ಅಣ್ಣ" ಅಂತಾರೆ. ನಾಲ್ಕಕ್ಕೆ ನಾಲ್ಕು ಸಾವಿರ ಉಳೀತು ಅಂತ ಹಾಕಿಸಿಕೊಂಡು ಬರ್ತೀವಿ. ಸೈಜ್ ಒಂದೇ ಇದ್ದರೂ ಎಲ್ಲ ಟೈರೂ ಒಂದೇ ಥರ ಉರುಳಲ್ಲ ಅನ್ನೋದನ್ನು ಯಾರೂ ಹೇಳಿರಲ್ಲ.

ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೈರೈಡರ್, ಇನ್ನೋವಾ ಹೈಕ್ರಾಸ್, ಮಾರುತಿ ಗ್ರ್ಯಾಂಡ್ ವಿಟಾರಾ ಬರೋಕೆ ಶುರುವಾದ ಮೇಲೆ ಹೈಬ್ರಿಡ್ ಅನ್ನೋದು ನಮ್ಮ ಕಡೆ ಅಪರೂಪದ ಮಾತಲ್ಲ. ಪೆಟ್ರೋಲ್ ಉಳಿಯುತ್ತೆ ಅಂತಲೇ ಜನ ಇದಕ್ಕೆ ಲಕ್ಷಗಟ್ಟಲೆ ಜಾಸ್ತಿ ಕೊಟ್ಟಿರ್ತಾರೆ. ಹಾಗೆ ಉಳಿಸಿದ್ದನ್ನು ಟೈರಿನಲ್ಲಿ ಕಳೆದುಕೊಳ್ಳದೇ ಇರೋದು ಹೇಗೆ ಅನ್ನೋದರ ವಿವರ ಇಲ್ಲಿದೆ.

ಟೈರು ಪೆಟ್ರೋಲ್ ಕುಡಿಯೋದು ಹೇಗೆ?

ಗಾಳಿ ಕಮ್ಮಿ ಇರೋ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ರಸ್ತೆ, ಅದೇ ಸೈಕಲ್, ಆದರೆ ತೊಡೆ ನೋವು ಬರುತ್ತೆ. ಕಾರಿನಲ್ಲಿ ಆ ನೋವು ಎಂಜಿನ್ನಿಗೆ.

ಟೈರು ನೆಲ ಮುಟ್ಟುವ ಜಾಗದಲ್ಲಿ ಕಾರಿನ ಭಾರಕ್ಕೆ ಚಪ್ಪಟೆ ಆಗುತ್ತೆ, ಮೇಲೆ ಹೋದಾಗ ಮತ್ತೆ ದುಂಡಗಾಗುತ್ತೆ. ಹೀಗೆ ಒತ್ತಿದಾಗ ತೆಗೆದುಕೊಂಡ ಶಕ್ತಿಯನ್ನು ರಬ್ಬರ್ ಪೂರ್ತಿ ವಾಪಸ್ ಕೊಡಲ್ಲ. ರಬ್ಬರ್ ಚೆಂಡನ್ನು ಎದೆಯ ಎತ್ತರದಿಂದ ಬಿಟ್ಟರೆ ಅದು ಮತ್ತೆ ಎದೆಯವರೆಗೆ ಪುಟಿಯಲ್ಲ. ಟೈರಿನಲ್ಲೂ ಹಾಗೇ, ಕಮ್ಮಿಯಾದ ಪಾಲು ಬಿಸಿಯಾಗಿ ಹೋಗುತ್ತೆ. ಮೈಸೂರಿನಿಂದ ನಂಜನಗೂಡಿಗೆ ಬಂದು ನಿಲ್ಲಿಸಿದ ಕೂಡಲೇ ಟೈರು ಮುಟ್ಟಿ ನೋಡಿ. ಆ ಬಿಸಿಯ ದೊಡ್ಡ ಪಾಲು ನೀವು ಬಂಕಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲೇ.

ಈ ತಡೆಗೆ ಇಂಗ್ಲಿಷಿನಲ್ಲಿ ರೋಲಿಂಗ್ ರೆಸಿಸ್ಟೆನ್ಸ್ ಅಂತಾರೆ. ಕನ್ನಡದಲ್ಲಿ ಉರುಳು ತಡೆ ಅನ್ನಬಹುದು. ಒಂದು ಟನ್ ಭಾರವನ್ನು ಉರುಳಿಸಿಕೊಂಡು ಹೋಗೋಕೆ ಎಷ್ಟು ಕೆ.ಜಿ. ಎಳೆತ ಬೇಕು ಅನ್ನೋದೇ ಇದರ ಅಳತೆ. ಕಾರಿನ ಟೈರಿಗೆ 10 ಕೆ.ಜಿ. ಅಂದರೆ ಜಾಸ್ತಿ, 8 ಅಂದರೆ ಪರವಾಗಿಲ್ಲ, 6.5 ಅಥವಾ ಅದಕ್ಕಿಂತ ಕಮ್ಮಿ ಅಂದರೆ ಬಹಳ ಒಳ್ಳೇದು.

ಜನ ಕೂತ ಮೇಲೆ ಕಾರು ಒಂದೂವರೆ ಟನ್ ಅಂದುಕೊಳ್ಳಿ. 10ರ ಟೈರಾದರೆ 15 ಕೆ.ಜಿ. ಎಳೆತ ಬೇಕು. ಅಂದರೆ 15 ಲೀಟರ್ ನೀರು ತುಂಬಿದ ಕೊಡವನ್ನು ಬಾವಿಯಿಂದ ಸೇದುತ್ತಾನೇ ಇರಬೇಕು, ಊರು ಮುಟ್ಟೋವರೆಗೂ. 8ರ ಟೈರಾದರೆ ಅದು 12 ಲೀಟರಿನ ಕೊಡ. ಒಂದು ಸಲಕ್ಕೆ ಈ ವ್ಯತ್ಯಾಸ ಏನೂ ಅಲ್ಲ. ವರ್ಷಪೂರ್ತಿ ಸೇದುವಾಗ ಗೊತ್ತಾಗುತ್ತೆ.

ಹೈಬ್ರಿಡ್‌ಗೆ ಯಾಕೆ ಹೆಚ್ಚು ಮುಖ್ಯ?

ಮಾಮೂಲಿ ಕಾರಿಗೂ ಇದೇ ನಿಯಮ. ಆದರೆ ಹೈಬ್ರಿಡ್‌ನಲ್ಲಿ ಒಂದು ವಿಶೇಷ ಇದೆ.

ನಂಜನಗೂಡು ಮತ್ತು ಟಿ.ನರಸೀಪುರ ಎರಡೂ ಒಂದೇ ಹೆದ್ದಾರಿ ಮೇಲಿವೆ. ರಾಷ್ಟ್ರೀಯ ಹೆದ್ದಾರಿ 766 ಕೇರಳದ ಕಡೆಯಿಂದ ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರಿಗೆ ಬಂದು, ಅಲ್ಲಿಂದ ಟಿ.ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತೆ. ಈ ದಾರಿಯಲ್ಲಾಗಲಿ, ಸುತ್ತೂರು ಕಡೆಯ ಒಳರಸ್ತೆಯಲ್ಲಾಗಲಿ ಒಂದೇ ಸ್ಪೀಡಿನಲ್ಲಿ ಹೋಗೋದು ಕಷ್ಟ. ಊರು ಬಂದ ಕಡೆ ಹಂಪ್, ಬಸ್ ನಿಂತ ಕಡೆ ಬ್ರೇಕ್. ಕಬ್ಬು ಕಡಿಯೋ ಕಾಲದಲ್ಲಿ ಮುಂದೆ ಲೋಡ್ ಟ್ರ್ಯಾಕ್ಟರ್.

ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದರೆ ಓಟದ ಶಕ್ತಿ ಪೂರ್ತಿ ಬಿಸಿಯಾಗಿ ಹೋಗುತ್ತೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರ್ ಆಗಿ, ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತೆ. ಹಂಪ್ ದಾಟಿ ಮತ್ತೆ ಹೊರಡುವಾಗ ಅದೇ ಕರೆಂಟ್ ಕೆಲಸಕ್ಕೆ ಬರುತ್ತೆ. ಹಂಪ್ ಜಾಸ್ತಿ ಇರೋ ದಾರಿಯಲ್ಲೂ ಹೈಬ್ರಿಡ್ ಒಳ್ಳೇ ಮೈಲೇಜ್ ಕೊಡೋದು ಇದಕ್ಕೇ.

ಟೈರಿನಲ್ಲಿ ಬಿಸಿಯಾಗಿ ಹೋದದ್ದು ಮಾತ್ರ ಯಾವ ಬ್ಯಾಟರಿಗೂ ವಾಪಸ್ ಬರಲ್ಲ. ಅದನ್ನು ಹಿಡಿಯೋ ಯಂತ್ರ ಕಾರಿನಲ್ಲಿಲ್ಲ. ಎಂಜಿನ್ ನಷ್ಟ ಕಮ್ಮಿ ಆಯ್ತು, ಬ್ರೇಕ್ ನಷ್ಟ ಕಮ್ಮಿ ಆಯ್ತು ಅಂದಮೇಲೆ ಉಳಿದ ಖರ್ಚಿನಲ್ಲಿ ಟೈರಿನ ಪಾಲು ದೊಡ್ಡದಾಗಿ ಕಾಣುತ್ತೆ. ಹೈಬ್ರಿಡ್ ಕಾರಿಗೆ ಟೈರು ಆರಿಸುವಾಗ ಇನ್ನೂ ಎಚ್ಚರ ಇರಬೇಕು ಅನ್ನೋದು ಈ ಕಾರಣಕ್ಕೆ.

ಇನ್ನೊಂದು ವಿಷಯ. ಸ್ಪೀಡ್ 60ರ ಆಸುಪಾಸಿನಲ್ಲಿ ಇದ್ದಾಗ ಟೈರಿನ ತಡೆ, ಎದುರು ಗಾಳಿಯ ತಡೆ ಹೆಚ್ಚುಕಮ್ಮಿ ಸಮ ಇರುತ್ತವೆ. 100 ದಾಟಿದರೆ ಗಾಳಿಯದೇ ಮೇಲುಗೈ. ಹಾಗಾಗಿ ಒಳ್ಳೇ ಟೈರಿನ ಲಾಭ ಬೆಂಗಳೂರು ಎಕ್ಸ್‌ಪ್ರೆಸ್‌ವೇಗಿಂತ ನಮ್ಮ ಊರುಗಳ ನಡುವಿನ ನಿಧಾನದ ಓಡಾಟದಲ್ಲಿ ಚೆನ್ನಾಗಿ ಕಾಣುತ್ತೆ.

ಎಷ್ಟು ಉಳಿಯುತ್ತೆ? ಲೆಕ್ಕ ಹಾಕೋಣ

ಉರುಳು ತಡೆ ಶೇ 10ರಷ್ಟು ಇಳಿದರೆ ಇಂಧನ ಶೇ 1ರಿಂದ 2ರಷ್ಟು ಉಳಿಯುತ್ತೆ ಅನ್ನೋದು ಕಾರುಗಳಿಗೆ ಸಾಮಾನ್ಯವಾಗಿ ಒಪ್ಪಿರೋ ಲೆಕ್ಕ. ಮೇಲೆ ಹೇಳಿದ 10ರ ಟೈರಿಗೂ 8ರ ಟೈರಿಗೂ ಶೇ 20ರ ವ್ಯತ್ಯಾಸ. ಅಂದರೆ ಉಳಿತಾಯ ಶೇ 2ರಿಂದ 4. ನಡುವೆ 3 ಅಂತ ಹಿಡಿಯೋಣ.

ಒಂದು ಸೆಟ್ ಟೈರು 45,000 ಕಿ.ಮೀ. ಬರುತ್ತೆ, ಗಾಡಿ 22 ಕೊಡುತ್ತೆ ಅಂದರೆ ಸುಮಾರು 2,045 ಲೀಟರ್ ಪೆಟ್ರೋಲ್ ಬೇಕು. ಅದರಲ್ಲಿ ಶೇ 3 ಅಂದರೆ 61 ಲೀಟರ್. ಸುಲಭಕ್ಕೆ ಲೀಟರಿಗೆ 100 ರೂಪಾಯಿ ಹಾಕಿದರೂ 6,100 ರೂಪಾಯಿ.

ಹಾಗಾಗಿ ಒಳ್ಳೇ ಟೈರಿಗೆ ಒಂದಕ್ಕೆ 1,000 ರೂಪಾಯಿ ಜಾಸ್ತಿ ಕೊಟ್ಟರೆ ಅಸಲು ಬಂದು ಮೇಲೆ ಎರಡು ಸಾವಿರ ಉಳಿಯುತ್ತೆ. 2,500 ಜಾಸ್ತಿ ಕೇಳಿದರೆ ಬರೀ ಪೆಟ್ರೋಲ್ ಲೆಕ್ಕದಲ್ಲಿ ಗಿಟ್ಟಲ್ಲ. ತಿಂಗಳಿಗೆ 5,000 ಕಿ.ಮೀ. ಓಡಿಸೋ ಟ್ಯಾಕ್ಸಿಯವರಿಗೆ ಒಂಬತ್ತು ತಿಂಗಳಲ್ಲಿ ಬರೋ ಈ ದುಡ್ಡು, ವಾರಕ್ಕೊಮ್ಮೆ ಗಾಡಿ ತೆಗೆಯೋರಿಗೆ ಬರೋಕೆ ಐದಾರು ವರ್ಷ ಬೇಕು. ಟೈರು ಬದಲಿಸಿದರೆ ಮೈಲೇಜ್ ಐದು ಕಿ.ಮೀ. ಏರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಳಿದ ಮೈಲೇಜ್ ಎಲ್ಲಾ ಟೈರಿನ ದೋಷವಲ್ಲ

ಶೇ 3 ಅಂದರೆ 22 ಇದ್ದದ್ದು 21.3 ಆಗಬೇಕು. 20ಕ್ಕೆ ಯಾಕೆ ಇಳಿಯುತ್ತೆ? ಕೆಲವು ಕಾರಣ ಒಟ್ಟಿಗೆ ಸೇರಿರುತ್ತವೆ.

ಮೊದಲನೆಯದು, ಹೊಸತನ. ಹೊಸ ಟೈರಿನಲ್ಲಿ ಟ್ರೆಡ್ ದಪ್ಪ, ಬಾಗೋ ರಬ್ಬರ್ ಜಾಸ್ತಿ. ಸವೆದು ಕೊನೆಗೆ ಬಂದ ಟೈರಿನ ಉರುಳು ತಡೆ ಅದು ಹೊಸದಿದ್ದಾಗಿನದಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿ ಇರುತ್ತೆ. ಅದೇ ಮಾದರಿಯ ಹೊಸ ಟೈರು ಹಾಕಿದರೂ ಶುರುವಿನಲ್ಲಿ ಸ್ವಲ್ಪ ಇಳಿದೇ ಇಳಿಯುತ್ತೆ. ಮೊನ್ನೆ ಬಿಚ್ಚಿಸಿದ ಹಳೇ ಟೈರಿನ ಮೈಲೇಜಿಗೆ ಇವತ್ತಿನದನ್ನು ಹೋಲಿಸೋದು ನ್ಯಾಯವಲ್ಲ.

ಎರಡನೆಯದು, ಸೈಜ್. "ಸ್ವಲ್ಪ ಅಗಲ ಹಾಕ್ಸಿ, ಲುಕ್ ಬರುತ್ತೆ" ಅನ್ನೋ ಸಲಹೆ ಎಲ್ಲಾ ಕಡೆ ಸಿಗುತ್ತೆ. 215/60 ಆರ್17 ಇದ್ದ ಕಡೆ 225/60 ಆರ್17 ಹಾಕಿದರೆ ಟೈರಿನ ಎತ್ತರ 12 ಮಿ.ಮೀ. ಏರುತ್ತೆ. ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ, ಮೀಟರಿಗೆ ಅದು ಗೊತ್ತಾಗಲ್ಲ. ನಿಜವಾಗಿ 1,000 ಕಿ.ಮೀ. ಓಡಿದರೆ ಮೀಟರ್ 983 ತೋರಿಸುತ್ತೆ. ಅಲ್ಲಿಗೆ ಮೈಲೇಜ್ ಶೇ 1.7ರಷ್ಟು ಸುಮ್ಮನೆ ಬಿದ್ದಂತೆ ಕಾಣುತ್ತೆ. ಮೇಲೆ ಅಗಲ ಟೈರಿನ ತೂಕ, ಗಾಳಿ ತಡೆ ಬೇರೆ.

ಮೂರನೆಯದು, ಅಲೈನ್‌ಮೆಂಟ್. ಗುಂಡಿಗೆ ಬಿದ್ದು ಚಕ್ರದ ದಿಕ್ಕು ಚೂರು ತಪ್ಪಿದರೂ ಟೈರು ಉರುಳೋ ಜೊತೆಗೆ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತೆ. ಪೆಟ್ರೋಲೂ ಹೋಗುತ್ತೆ, ಟೈರಿನ ಅಂಚೂ ಸವೆಯುತ್ತೆ.

ನಾಲ್ಕನೆಯದು ಗಾಳಿ. ಇದಕ್ಕೆ ಖರ್ಚೇ ಇಲ್ಲ.

ಮೊದಲು ಗಾಳಿ, ಆಮೇಲೆ ಟೈರು

ನಾಲ್ಕೂ ಟೈರಿನಲ್ಲಿ 1 ಪಿಎಸ್‌ಐ ಗಾಳಿ ಇಳಿದರೆ ಮೈಲೇಜ್ ಸುಮಾರು ಶೇ 0.2 ಇಳಿಯುತ್ತೆ ಅನ್ನುತ್ತೆ ಅಮೆರಿಕದ ಇಂಧನ ಇಲಾಖೆ. 6 ಪಿಎಸ್‌ಐ ಕಮ್ಮಿ ಇದ್ದರೆ ಶೇ 1.2. ಮೇಲಿನ ಲೆಕ್ಕದಲ್ಲಿ ಅದು 24-25 ಲೀಟರ್ ಪೆಟ್ರೋಲ್. 6 ಪಿಎಸ್‌ಐ ಇಳಿದದ್ದು ಕಣ್ಣಿಗೆ ಕಾಣಲ್ಲ, ಕಾಲಿನಿಂದ ಒದ್ದರೂ ಗೊತ್ತಾಗಲ್ಲ.

ಎಷ್ಟು ಹಾಕಿಸಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಾಣೋ ಸ್ಟಿಕ್ಕರಿನಲ್ಲಿ ಇರುತ್ತೆ. ಟೈರಿನ ಪಕ್ಕೆಯಲ್ಲಿ ಬರೆದಿರೋ ದೊಡ್ಡ ಸಂಖ್ಯೆ ಗರಿಷ್ಠ ಮಿತಿ, ಅದನ್ನು ಹಾಕಿಸಬಾರದು. ಗಾಡಿ ತಣ್ಣಗಿರುವಾಗ, ಆದರೆ ಬೆಳಿಗ್ಗೆ ಹೊರಡೋ ಮುಂಚೆ ನೋಡಿಸಿ. ಮಧ್ಯಾಹ್ನ ಓಡಿಸಿಕೊಂಡು ಬಂದು ನೋಡಿದರೆ ಬಿಸಿಗೆ ಒತ್ತಡ ಏರಿರುತ್ತೆ. ಜಾಸ್ತಿ ಇದೆ ಅಂತ ಆಗ ಬಿಡಿಸಿದರೆ ಮಾರನೇ ಬೆಳಿಗ್ಗೆ ಕಮ್ಮಿ ಆಗಿರುತ್ತೆ. ನೈಟ್ರೋಜನ್ ಸ್ವಲ್ಪ ನಿಧಾನಕ್ಕೆ ಇಳಿಯಬಹುದು ಅಷ್ಟೇ. ತಿಂಗಳಿಗೆ ಎರಡು ಸಲ ಮಾಮೂಲಿ ಗಾಳಿ ನೋಡಿಸೋರಿಗೆ ಅದರ ಅಗತ್ಯ ಇಲ್ಲ.

ಮೈಲೇಜ್ ಆಸೆಗೆ 40, 45 ಹಾಕಿಸೋರೂ ಇದ್ದಾರೆ. ಉರುಳು ತಡೆ ಕಮ್ಮಿ ಆಗೋದು ನಿಜ. ಆದರೆ ನೆಲ ಮುಟ್ಟೋ ಜಾಗವೂ ಕಮ್ಮಿ ಆಗುತ್ತೆ, ನಡು ಬೇಗ ಸವೆಯುತ್ತೆ, ಗುಂಡಿಗೆ ಬಿದ್ದರೆ ಪೆಟ್ಟು ಜೋರು.

ಮಳೆಯಲ್ಲಿ ಹಿಡಿತ ಬಿಡಬೇಡಿ

ಹಗುರಾಗಿ ಉರುಳೋ ಟೈರು ಒದ್ದೆ ರಸ್ತೆಯಲ್ಲಿ ಜಾರುತ್ತೆ ಅನ್ನೋ ಭಯ ಹಳೇದು. ರಬ್ಬರಿನಲ್ಲಿ ಇಂಗಾಲದ ಪುಡಿಯ ಬಹುಪಾಲು ಬದಲಿಗೆ ಸಿಲಿಕಾ ಬೆರೆಸೋ ವಿಧಾನದಿಂದ ಎರಡನ್ನೂ ಸರಿದೂಗಿಸೋದು ಸಾಧ್ಯವಾಯ್ತು. ಫ್ರಾನ್ಸಿನ ಮಿಶೆಲಿನ್ ಕಂಪನಿ ಇಂಥ ಟೈರನ್ನು 1992ರಲ್ಲಿ ಮಾರುಕಟ್ಟೆಗೆ ತಂದಿತು. ಹಾಗಂತ ಎಲ್ಲಾ ಕಂಪನಿ, ಎಲ್ಲಾ ಮಾದರಿಯಲ್ಲೂ ಎರಡೂ ಗುಣ ಇರುತ್ತೆ ಅಂತಲ್ಲ.

ಕಬಿನಿಯಿಂದ ನೀರು ಬಿಟ್ಟು ಕಪಿಲೆ ಉಕ್ಕಿದಾಗ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮೇಲೇ ನೀರು ಬಂದದ್ದು 2019ರ ಆಗಸ್ಟಿನಲ್ಲಿ ಊರೆಲ್ಲ ನೋಡಿದೆ. ಅಷ್ಟು ಮಳೆ ಬೇಕಿಲ್ಲ. ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಗದ್ದೆ ಮಣ್ಣಿನ ಮೇಲೆ ನಾಲ್ಕು ಹನಿ ಬಿದ್ದರೂ ಸಾಕು, ಬ್ರೇಕ್ ಹಿಡಿಯಲ್ಲ. ಶೇ 3 ಪೆಟ್ರೋಲ್ ಉಳಿಸೋಕೆ ಹೋಗಿ ಹಂಪಿನ ಮುಂದೆ ನಿಲ್ಲಬೇಕಾದ ಗಾಡಿ ದಾಟಿ ನಿಂತರೆ ಆ ಲೆಕ್ಕಕ್ಕೆ ಬೆಲೆ ಇಲ್ಲ. ಟ್ರೆಡ್ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರ ಬದಲಿಸಲೇಬೇಕು. ಮಳೆಗಾಲಕ್ಕೆ ಮುಂಚೆಯೇ ನೋಡಿಸಿಕೊಳ್ಳೋದು ಒಳ್ಳೇದು.

ಅಂಗಡಿಯಲ್ಲಿ ಏನು ಕೇಳಬೇಕು?

ಉರುಳು ತಡೆ ಮತ್ತು ಒದ್ದೆ ರಸ್ತೆಯ ಹಿಡಿತಕ್ಕೆ ಈಗ ದೇಶದಲ್ಲೂ ಕಾನೂನಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್ 1ರಿಂದ, ಮೊದಲೇ ಇದ್ದ ವಿನ್ಯಾಸಗಳಿಗೆ 2023ರಿಂದ ಎಐಎಸ್ 142 ಅನ್ನೋ ಮಾನದಂಡ ಅನ್ವಯ. ಇದು ಪಾಸ್ ಮಾರ್ಕ್ಸ್ ಇದ್ದಂತೆ. ಇದರ ಮೇಲೆ ಫಸ್ಟ್ ಕ್ಲಾಸ್ ಯಾರು ಅಂತ ತಿಳಿಯೋಕೆ ಸ್ಟಾರ್ ಲೇಬಲ್ ನೋಡಬೇಕು. ಫ್ರಿಜ್, ಎಸಿಗೆ ಸ್ಟಾರ್ ಕೊಡೋ ಬಿಇಇ ಸಂಸ್ಥೆಯೇ ಟೈರಿಗೂ ಕೊಡುತ್ತೆ. ಸ್ಟಾರ್ ಜಾಸ್ತಿ ಇದ್ದಷ್ಟೂ ಉರುಳು ತಡೆ ಕಮ್ಮಿ.

ಅಂಗಡಿಯವರ ಹತ್ತಿರ ಈ ಐದು ಮಾತು ಕೇಳಿ:

1. ಈ ಮಾದರಿಗೆ ಸ್ಟಾರ್ ಲೇಬಲ್ ಇದೆಯಾ, ಎಷ್ಟು ಸ್ಟಾರ್? ಯುರೋಪಿನ ಲೇಬಲ್ ಇದ್ದರೆ ಇಂಧನಕ್ಕೂ ಒದ್ದೆ ಹಿಡಿತಕ್ಕೂ ಯಾವ ಅಕ್ಷರ? ಎ ಉತ್ತಮ, ಇ ಕಡೆಯದು.

2. ಕಂಪನಿಯಿಂದ ಬಂದಿದ್ದ ಮಾದರಿಯೇ ಸಿಗುತ್ತಾ? ಬ್ರ್ಯಾಂಡ್ ಹೆಸರು ಒಂದೇ ಇದ್ದರೂ ಮಾದರಿ ಬೇರೆ ಇರಬಹುದು. ಹಳೇ ಟೈರಿನ ಪಕ್ಕೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ.

3. ಸೈಜ್, ಲೋಡ್ ಇಂಡೆಕ್ಸ್, ಸ್ಪೀಡ್ ಅಕ್ಷರ ಮೊದಲಿನದೇ ಇದೆಯಾ?

4. ತಯಾರಾದದ್ದು ಯಾವಾಗ? ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತೆ. 1425 ಅಂದರೆ 2025ರ 14ನೇ ವಾರ.

5. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ ಒಟ್ಟು ಎಷ್ಟು?

ಎಲ್ಲಾ ಟೈರಿಗೂ ಲೇಬಲ್ ಕಾಣಿಸಲ್ಲ. ಕೇಳೋರು ಜಾಸ್ತಿ ಆದರೆ ಅಂಗಡಿಯವರೂ ತರಿಸುತ್ತಾರೆ. ವಿಕ್ರಾಂತ್ ಕಾಲದಿಂದ ಟೈರು ತಯಾರಿಸಿಕೊಂಡು ಬಂದ ಜಿಲ್ಲೆ ನಮ್ಮದು. 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋದ ಆ ಕಾರ್ಖಾನೆ ಈಗಲೂ ಮೈಸೂರಿನಲ್ಲಿ ಓಡುತ್ತಿದೆ, ಕಂಪನಿಯ ಸಂಶೋಧನಾ ಕೇಂದ್ರವೂ ಇಲ್ಲೇ ಇದೆ. ಟೈರಿನ ಬಗ್ಗೆ ವಿಚಾರಿಸೋಕೆ ನಮ್ಮವರು ಹಿಂಜರಿಯಬೇಕಾಗಿಲ್ಲ.

ಟೈರು ಇನ್ನೂ ಚೆನ್ನಾಗಿದೆ ಅನ್ನೋರು ಈಗಲೇ ಬದಲಿಸೋಕೆ ಓಡಬೇಡಿ. ನಾಳೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಬಾಗಿಲ ಸ್ಟಿಕ್ಕರ್ ನೋಡಿ, ಹತ್ತಿರದ ಪಂಕ್ಚರ್ ಶಾಪಿನಲ್ಲಿ ನಾಲ್ಕೂ ಚಕ್ರಕ್ಕೆ ಅಷ್ಟೇ ಗಾಳಿ ಹಾಕಿಸಿ. ಮುಂದಿನ ಸಲ ಟ್ಯಾಂಕ್ ತುಂಬಿಸುವಾಗ ಲೆಕ್ಕ ಹಾಕಿ ನೋಡಿ.