ಎಡಕ್ಕೇ ವಾಲುತ್ತಿದ್ದ ವಿಮಾನ

ನನ್ನ ಮೊದಲ ವಿಮಾನ ಹಾರಿದ್ದು ಹುಬ್ಬಳ್ಳಿಯ ನೆಹರು ಮೈದಾನದಲ್ಲಿ. ಹಾರಿದ್ದು ಎನ್ನುವುದಕ್ಕಿಂತ ಬಿದ್ದದ್ದು ಎಂದರೇ ಸರಿ. ಆಗ ಏಳನೇ ಕ್ಲಾಸು. ಬಾಲ್ಸಾ ಕಟ್ಟಿಗೆಯ ಹೆಸರು ಓದಿದ್ದೆ, ಕಣ್ಣಿಂದ ಕಂಡಿರಲಿಲ್ಲ. ಬಿದಿರಿನ ಸೀಳು, ಗಾಳಿಪಟದ ಹಾಳೆ, ಫೆವಿಕಾಲ್, ತಗಡು ಕತ್ತರಿಸಿ ಮಾಡಿದ ಪ್ರೊಪೆಲ್ಲರ್, ಇಷ್ಟೇ ಬಂಡವಾಳ. ಎಂಜಿನ್ ಎಂದರೆ ರಬ್ಬರ್ ಬ್ಯಾಂಡುಗಳ ಸರ. ತಿರುಚುವಾಗ ಹರಿಯದಿರಲಿ ಎಂದು ಅವ್ವನ ಹರಳೆಣ್ಣೆ ಸವರುತ್ತಿದ್ದೆ. (ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಿಗೂ ಹರಳೆಣ್ಣೆಯೇ ಬೇಕಿತ್ತಂತೆ. ಅವ್ವನಿಗೆ ಹೇಳಿದೆ, ನಂಬಲಿಲ್ಲ.)

ಕೈಬಿಟ್ಟ ಕೂಡಲೇ ವಿಮಾನ ಎಡಕ್ಕೆ ವಾಲಿ, ಅರ್ಧ ಸುತ್ತು ಹೊಡೆದು ಮೂಗು ಮುರಿದುಕೊಳ್ಳುತ್ತಿತ್ತು. ರೆಕ್ಕೆ ಅಳೆದೆ, ಬಾಲ ತಿದ್ದಿದೆ. ಆರು ವಿಮಾನ ಕಟ್ಟಿದೆ. ಆರೂ ಎಡಕ್ಕೇ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಒಂದು ಭಾನುವಾರ ಮೈದಾನಕ್ಕೆ ಬಂದವರು ನೋಡಿ, "ಫ್ಯಾನು ಒಂದು ಕಡೆ ತಿರುಗಿದ್ರ ಮೈ ಇನ್ನೊಂದು ಕಡೆ ಹೊಳ್ಳತೈತಿ. ಬಲಗಡೆ ರೆಕ್ಕಿಗೆ ಒಂದೀಟು ತೂಕ ಹಚ್ಚು" ಎಂದರು. ನನಗೆ ಸಿಟ್ಟು ಬಂತು. ಹಾರಬೇಕಾದದ್ದಕ್ಕೆ ಬೇಕಂತಲೇ ಯಾರಾದರೂ ಭಾರ ಹೇರುತ್ತಾರೆಯೇ? "ಇದೇನ್ ರೈಲು ಅಲ್ಲಪಾ" ಎಂದುಬಿಟ್ಟೆ, ಗೆಳೆಯರ ಎದುರಿಗೇ. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಆ ದಿನಗಳಲ್ಲಿ ನನ್ನ ದೇವರು ಬೇರೆಯೇ ಇದ್ದ. ಹಳೆ ಪುಸ್ತಕದ ಅಂಗಡಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಸಿಕ್ಕ ಸೂಪರ್‌ಮರೀನ್ ಎಸ್.5ರ ಚಿತ್ರ ಕಂಪಾಸ್ ಬಾಕ್ಸಿನೊಳಗೆ ಅಂಟಿಕೊಂಡಿತ್ತು. ನೀರಿನಿಂದೇಳುವ ವಿಮಾನಗಳ ಶ್ನೈಡರ್ ಟ್ರೋಫಿ ರೇಸಿನಲ್ಲಿ, 1927ರಲ್ಲಿ ವೆನಿಸ್‌ನಲ್ಲಿ, ಗಂಟೆಗೆ ಸರಾಸರಿ 453 ಕಿ.ಮೀ. ವೇಗದಲ್ಲಿ ಗೆದ್ದ ವಿಮಾನ. ವಿನ್ಯಾಸಕ ಆರ್.ಜೆ. ಮಿಚೆಲ್, ಮುಂದೆ ಸ್ಪಿಟ್‌ಫೈರ್ ರೂಪಿಸಿದವನು. ಈಟಿಯಂಥ ಮೈ, ಕೆಳಗೆ ದೋಣಿಯಂಥ ಎರಡು ಫ್ಲೋಟುಗಳು. ಅದರಷ್ಟು ಚೆಂದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ ಅನ್ನಿಸುತ್ತಿತ್ತು. ಈಗಲೂ ಹಾಗೇ.

ಕಂಪ್ಯೂಟರ್ ಓದಿದೆ, ಪುಣೆಗೆ ಬಂದೆ, ವಿಮಾನ ಮರೆತೆ. ಅಪ್ಪ ಹೋಗಿ ಎರಡು ವರ್ಷದ ನಂತರ ಒಂದು ರಾತ್ರಿ, ಆಫೀಸಿನ ಕಾಲ್ ಮುಗಿಯಲು ಕಾಯುತ್ತ ಎಸ್.5ರ ಒಳರಚನೆ ಓದುತ್ತಿದ್ದೆ. ಪೆಟ್ರೋಲೆಲ್ಲ ಇದ್ದದ್ದು ಬಲಗಡೆಯ ಫ್ಲೋಟಿನಲ್ಲಿ! ಪ್ರೊಪೆಲ್ಲರಿನ ಸೆಳೆತಕ್ಕೆ ಎಡ ಫ್ಲೋಟು ನೀರಿಗೆ ಒತ್ತಿಕೊಳ್ಳುತ್ತಿತ್ತು, ಅದಕ್ಕೆ ಎದುರಾಗಿ ಮಿಚೆಲ್ ಬಲಕ್ಕೆ ಭಾರವಿಟ್ಟಿದ್ದ. ಸಾಲದೆಂದು ಬಲ ಫ್ಲೋಟನ್ನು ಮೈಯಿಂದ ತುಸು ದೂರಕ್ಕೂ ಸರಿಸಿದ್ದ. ಇಟಲಿಯವರು ತಮ್ಮ ಮಾಕಿ ಎಂ.ಸಿ.72ಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪ್ರೊಪೆಲ್ಲರ್ ಕೂಡಿಸಿ ಕಾಟವನ್ನೇ ಕಳೆದರು. 1934ರಲ್ಲಿ ಅದು ಮುಟ್ಟಿದ 709 ಕಿ.ಮೀ. ವೇಗವನ್ನು ಪಿಸ್ಟನ್ ಎಂಜಿನ್ನಿನ ಯಾವ ಕಡಲ ವಿಮಾನವೂ ಇನ್ನೂ ಮೀರಿಲ್ಲ. ಆದರೆ ಅಂದು ನಾನು ಅಲ್ಲಿಯವರೆಗೆ ಓದಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಯಲ್ಲಿ ನಿಂತೆ.

ಹೋದ ತಿಂಗಳು ಮಗಳಿಗೆಂದು ರಬ್ಬರ್ ವಿಮಾನದ ಬಾಲ್ಸಾ ಕಿಟ್ ತಂದೆ. ಮೊದಲ ಸಲ ಎಡಕ್ಕೇ ಬಿತ್ತು. ಅವಳ ಕ್ಲೇ ಡಬ್ಬಿಯಿಂದ ಕಡಲೆಕಾಳಿನಷ್ಟು ತೆಗೆದು ಬಲ ರೆಕ್ಕೆಯ ತುದಿಗೆ ಹಚ್ಚಿದೆ. ನೆಟ್ಟಗೆ ಏರಿ, ಸೊಸೈಟಿಯ ಕಾಂಪೌಂಡ್ ದಾಟಿ, ಆಚೆಯ ಬೇವಿನ ಮರದಲ್ಲಿ ಸಿಕ್ಕಿಕೊಂಡಿತು. ಇನ್ನೂ ಅಲ್ಲೇ ಇದೆ.